ಕತೆ ಮುಗಿಯುವ ಮುಂಚೆ ಕುಡಿದ ನೀರು

ಹೋದ ವಾರ ಮೂಡಿಗೆರೆ ಸಂತೆಯಲ್ಲಿ ನನ್ನ ಹಳೆಯ ಎಸ್ಟೇಟಿನ ಗಾಡಿಯವನು ಎದುರಾದ. ಕುಶಲ ವಿಚಾರಿಸುವ ಮೊದಲೇ, “ಪಲ್ಪರ್ ಮೇಸ್ತ್ರಿ ಹೋಗ್ಬಿಟ್ರು ರೈಟ್ರೇ, ಮಾಘದಲ್ಲಿ” ಎಂದವನೇ ಒಣಮೆಣಸಿನಕಾಯಿ ಆರಿಸಲು ಬಗ್ಗಿದ. ಅಷ್ಟೇ. ಬದುಕಿದ್ದಷ್ಟು ದಿನ ಯಾವ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಿ ಮುಗಿಸದ ಮನುಷ್ಯನ ಸಾವು ಒಂದೇ ಮಾತಿನಲ್ಲಿ ಮುಗಿದುಹೋಯಿತು. ಗಾಡಿಯವನು ಮೆಣಸಿನಕಾಯಿ ಕಟ್ಟಿಸಿಕೊಂಡು ಹೊರಡುವಾಗ ಇನ್ನೊಂದು ಮಾತೂ ಕೇಳಿದ. ಅದನ್ನು ಆಮೇಲೆ ಹೇಳುತ್ತೇನೆ.

ನಿಜ ಹೇಳಬೇಕೆಂದರೆ, ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾದ ಈ ಯುದ್ಧಕಾಲದಲ್ಲಿ ಮನುಷ್ಯನಿಗೆ ಸಿಟ್ಟು ಬರಲು ಕಾರಣಗಳಿಗೇನೂ ಕೊರತೆಯಿಲ್ಲ. ಆದರೆ ಈ ಒಬ್ಬ ವ್ಯಕ್ತಿ ನನ್ನ ತಲೆ ತಿಂದಷ್ಟು ಬೇರೆ ಯಾರೂ, ಯಾವುದೂ ತಿಂದಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೂ ಅವರೇ ಕಾರಣ.

ಆ ಕಾಫಿ ಎಸ್ಟೇಟಿಗೆ ರೈಟರ್ ಆಗಿ ಹೋದಾಗ ನನಗೆ ಇಪ್ಪತ್ತೆರಡು. ಆಳುಗಳ ಹಾಜರಿ ಹಾಕುವುದು, ದೊರೆಯ ಇಂಗ್ಲಿಷನ್ನು ಆಳುಗಳಿಗೂ ಆಳುಗಳ ಕನ್ನಡವನ್ನು ದೊರೆಗೂ ಮುಟ್ಟಿಸುವುದು ನನ್ನ ಕೆಲಸ. ಎಸ್ಟೇಟು ಗುಡ್ಡದ ಮೇಲೆ. ಊರು ಕೆಳಗೆ, ಕೆರೆಯ ಮಗ್ಗುಲಲ್ಲಿ. ಮಲ್ಲಂದೂರಿನಿಂದ ಟ್ರಂಕು ಹೊತ್ತುಕೊಂಡು ನಡೆದು ಆ ಕೆರೆ ಏರಿಗೆ ಬಂದು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಗಂಟಲು ಒಣಗಿ ಹಲಗೆಯಾಗಿತ್ತು. ಏರಿಯ ಮೇಲೆ ಅತ್ತಿಮರದ ಬುಡದಲ್ಲಿ ಐವತ್ತು ದಾಟಿದ ಒಬ್ಬರು ಕೂತಿದ್ದರು. ತಲೆಗೆ ಕಂಬಳಿ ತುಂಡು, ಪಕ್ಕದಲ್ಲಿ ಒಂದು ಕೋಲು, ಮುಂದೆ ನೀರು ತುಂಬಿದ ತಾಮ್ರದ ತಂಬಿಗೆ.

“ಸ್ವಲ್ಪ ನೀರು ಕೊಡ್ತೀರಾ?” ಎಂದೆ.

“ಹೊಸಾ ರೈಟ್ರು ಅಲ್ದಾ? ನಾನು ಪಲ್ಪರ್ ಮನೆ ಮೇಸ್ತ್ರಿ. ನಿಮಗೇ ಅಂತ ಕಾಯ್ತಿದ್ದೆ. ಕೂತ್ಕೊಳ್ಳಿ.”

ಕೂತೆ. ತಂಬಿಗೆಗೆ ಕೈ ಚಾಚಿದೆ. ಅವರು ಅದನ್ನು ಮೆಲ್ಲನೆ ತಮ್ಮ ಕಡೆಗೆ ಸರಿಸಿಕೊಂಡರು.

“ಈ ಊರಲ್ಲಿ ಕೆರೆ ಕತೆ ಕೇಳ್ದೆ ಕೆರೆ ನೀರು ಕುಡಿಯೋ ಹಂಗಿಲ್ಲ ಮಾರಾಯ್ರೆ. ಹೊಸ ಸೊಸೆ ಬಂದ್ರೂ ಅಷ್ಟೆ, ಹೊಸ ರೈಟ್ರು ಬಂದ್ರೂ ಅಷ್ಟೆ. ಮೊದ್ಲು ಈ ನೀರು ಯಾರದ್ದು ಅಂತ ಗೊತ್ತಾಗ್ಬೇಕು. ಆಮೇಲೆ ಕುಡಿಯೋದು.”

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಏಳು ಮನೆಯವರು ಆ ಕಣಿವೆಗೆ ಇಳಿದಲ್ಲಿಂದ ಅವರು ಶುರುಮಾಡಿದರು. ಏಳೂ ಮನೆಯ ಯಜಮಾನರ ಹೆಸರು, ಅವರ ಹೆಂಡಿರ ಹೆಸರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಯಾಕೆ ಬಿಟ್ಟಿದ್ದರು. ಏರಿಗೆ ಮಣ್ಣು ಹಾಕಿದ್ದು, ಅದು ಎರಡು ಸಲ ಕೊಚ್ಚಿಹೋಗಿದ್ದು. ತೂಬಿನ ಕಲ್ಲನ್ನು ಎಳೆದು ತಂದ ಎತ್ತಿನ ಹೆಸರು ಕೂಡ ಅವರಿಗೆ ಗೊತ್ತಿತ್ತು. ಕೆಂದ. ಜೊತೆಯ ಎತ್ತು ದಾರಿಯಲ್ಲಿ ಮಲಗಿಬಿಟ್ಟಿತಂತೆ. ಅದರ ಹೆಸರು ಬೆಳ್ಳ. ಮಲಗಿದ ಎತ್ತಿನ ಹೆಸರು ಯಾರಿಗೆ ಬೇಕು ಸ್ವಾಮಿ? ನಾನು ಒಂದು ಸಲ, “ಸರಿ, ಗೊತ್ತಾಯ್ತು” ಎಂದು ಬಾಯಿ ಹಾಕಿದೆ. ಅವರು ನಿಲ್ಲಿಸಿ, ಒಂದು ಗಳಿಗೆ ಕೆರೆಯ ಕಡೆ ನೋಡಿ, “ಏಳು ಮನೆಯವ್ರು ಈ ಕಣಿವೆಗೆ ಇಳಿದಾಗ...” ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು. ನಡುವೆ ಬಾಯಿ ಹಾಕಿದರೆ ಕತೆ ಹಿಂದಕ್ಕೆ ಹೋಗುತ್ತದೆ ಎಂಬುದು ಆ ಊರಿನ ಇನ್ನೊಂದು ನಿಯಮ ಎಂದು ನನಗೆ ಹಾಗೆ ತಿಳಿಯಿತು.

ಕೊನೆಗೂ ಕಾಫಿ ಬಂತು. ಕುಡಿಯುವ ಕಾಫಿಯಲ್ಲ, ಕತೆಯೊಳಗಿನ ಕಾಫಿ. ಗಿರಿಯ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ಚೆನ್ನಮ್ಮ ಎಂಬಾಕೆ ಸೆರಗಿನ ತುದಿಯಲ್ಲಿ ಒಂದು ಹಿಡಿ ಬೀಜ ಗಂಟು ಕಟ್ಟಿಕೊಂಡು ಬಂದಳಂತೆ. ಹಿತ್ತಿಲ ಹಲಸಿನ ನೆರಳಿನಲ್ಲಿ ಊರಿದಳಂತೆ. ದೊರೆಗಳು ಬಂದು ಗುಡ್ಡಕ್ಕೆ ಹಗ್ಗ ಹಿಡಿದು ಸಾಲು ಹಾಕುವ ಎಷ್ಟೋ ಮೊದಲೇ ಈ ಊರಿನ ಹಿತ್ತಿಲುಗಳಲ್ಲಿ ಕಾಫಿ ಹಣ್ಣಾಗುತ್ತಿತ್ತಂತೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕೆರೆ ಬಂತು, ಕಾಫಿ ಬಂತು, ಇನ್ನೇನು ಉಳಿದಿದೆ? ತಂಬಿಗೆ ಕಿತ್ತುಕೊಂಡು ಗಟಗಟನೆ ಕುಡಿದೆ.

ಅವರು ತಡೆಯಲಿಲ್ಲ. ಖಾಲಿ ತಂಬಿಗೆಯನ್ನು ತೆಗೆದುಕೊಂಡು, “ಇನ್ನೂ ಸ್ವಲ್ಪ ಇತ್ತು” ಎಂದರು.

“ಇನ್ನೊಂದಿನ ಕೇಳ್ತೀನಿ” ಎಂದೆ.

ಆ ಇನ್ನೊಂದು ದಿನವನ್ನು ನಾನು ಮೂರು ವರ್ಷ ತಪ್ಪಿಸಿಕೊಂಡು ತಿರುಗಿದೆ. ಸುಲಭವೇನೂ ಆಗಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹೋಗಿ, “ಇವತ್ತು ಬಂದ ಹಣ್ಣು ಯಾವ ಪಟ್ಟೆಯದು?” ಎಂದು ಕೇಳಿದರೆ, ಆ ಪಟ್ಟೆ ಮೊದಲು ಯಾರ ಹುಲ್ಲುಗಾವಲು, ಅಲ್ಲಿ ಯಾರ ಕರುವನ್ನು ಹುಲಿ ಹಿಡಿಯಿತು, ಕರುವಿನ ಹೆಸರೇನು ಎಂಬಲ್ಲಿಂದ ಉತ್ತರ ಶುರುವಾಗುತ್ತಿತ್ತು. ಹಾಜರಿಗೆ ಒಂದು ಹೆಸರು ಕೇಳಿದರೆ ಮೂರು ತಲೆಮಾರು ಬರುತ್ತಿತ್ತು. ಪುಸ್ತಕದಲ್ಲಿ ಅಷ್ಟು ಜಾಗವಿಲ್ಲ ಮೇಸ್ತ್ರೇ ಎಂದರೆ, “ಪುಸ್ತಕ ಸಣ್ಣದಾದ್ರೆ ನಾನು ಎಂತ ಮಾಡ್ಲಿ?” ಎನ್ನುತ್ತಿದ್ದರು.

ಒಂದು ಸಲ ಕಣದ ತುಂಬ ಪಾರ್ಚ್‌ಮೆಂಟ್ ಹರಡಿದ್ದಾಗ, ಅಂದರೆ ತೊಳೆದ ಬೀಜ ಹೊಟ್ಟಿನ ಸಮೇತ ಬಿಸಿಲಿಗೆ ಬಿದ್ದಿದ್ದಾಗ, ಗುಡ್ಡದ ಹಿಂದೆ ಕಾಲವಲ್ಲದ ಕಾಲದಲ್ಲಿ ಮೋಡ ಎದ್ದಿತು. “ಮೇಸ್ತ್ರೇ, ಮಳೆ!” ಎಂದು ಕೂಗಿದೆ. ಅವರು ಆಕಾಶ ನೋಡಿ, “ಹಿಂಗೇ ಒಂದ್ಸಲ ನಮ್ಮ ಅತ್ತೆ ಮದ್ವೆ ದಿನ...” ಎಂದರು. ಆ ಅತ್ತೆಯ ಮದುವೆಯ ಚಪ್ಪರ ಎದ್ದು, ಬೀಗರು ಬಂದು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅರ್ಧ ಕಣ ತೊಯ್ದುಹೋಯಿತು. ದೊರೆ ಬೈದದ್ದು ನನ್ನನ್ನು. ಸಂಜೆ ಒದ್ದೆ ಬೀಜ ಕೆದಕುತ್ತ ಮೇಸ್ತ್ರಿ ನನ್ನನ್ನು ಸಮಾಧಾನ ಮಾಡಿದರು: “ಈ ಮಳೆಗೆ ಸ್ವಲ್ಪನೂ ತಾಳ್ಮೆ ಇಲ್ಲ ನೋಡಿ.” ಅವರನ್ನು ಅದೇ ಕಣದಲ್ಲಿ ಬೀಜದ ಜೊತೆ ಒಣಗಿಸಬೇಕು ಅನ್ನಿಸಿತು.

ಕೈಕೆಲಸದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಪಲ್ಪರಿನಲ್ಲಿ ಸಿಪ್ಪೆ ಬಿಟ್ಟ ಬೀಜ ತೊಟ್ಟಿಯಲ್ಲಿ ಒಂದೂವರೆ ದಿನ ಕೊಳೆಯಬೇಕು. ಅದರ ಲೋಳೆ ಕಳಚಿದ ಗಳಿಗೆಗೇ ತೊಳೆಯಬೇಕು. ತಡವಾದರೆ ಬೀಜ ಹುಳಿಯಾಗುತ್ತದೆ, ಬೇಗನೆ ತೊಳೆದರೆ ಜಾರುತ್ತದೆ. ಬೇರೆ ಎಸ್ಟೇಟಿನವರು ಗಡಿಯಾರ ನೋಡುತ್ತಿದ್ದರು. ಇವರು ತಮ್ಮ ಕೋಲನ್ನು ತೊಟ್ಟಿಯೊಳಗೆ ಇಳಿಸಿ ಎತ್ತುತ್ತಿದ್ದರು. ಬೀಜದ ನಡುವೆ ಕೋಲು ಬಿಟ್ಟ ತೂತು ಮುಚ್ಚಿಕೊಂಡರೆ ಲೋಳೆ ಇನ್ನೂ ಇದೆ. ತೂತು ಹಾಗೆಯೇ ನಿಂತರೆ ಆಯಿತು. ಆಮೇಲೆ ಒಂದು ಹಿಡಿ ಬೀಜ ತೆಗೆದು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಜ್ಜುತ್ತಿದ್ದರು. ಜಲ್ಲಿಯ ಸದ್ದು ಬಂದರೆ ತಲೆಯಾಡಿಸುತ್ತಿದ್ದರು. ಆ ಒಂದು ಹೊತ್ತಿನಲ್ಲಿ ಮಾತ್ರ ಅವರು ಬಾಯಿ ಮುಚ್ಚಿರುತ್ತಿದ್ದರು. ನಾನು ಅದನ್ನು ಕಾಯುತ್ತಿದ್ದೆ.

ಅವರಿಂದ ಪಾರಾಗಲು ನಾನೊಂದು ಉಪಾಯವನ್ನೂ ಮಾಡಿದ್ದೆ. ಒಂದು ಹೊಸ ನೋಟುಪುಸ್ತಕ ತಂದು, “ಕತೆ ಎಲ್ಲಾ ಬರ್ಕೊಳ್ತೀನಿ. ಬೇಕಾದವ್ರು ಓದ್ಕೊಳ್ಳಲಿ” ಎಂದೆ. ಅವರು ಪುಸ್ತಕವನ್ನು ಮೂಸಿ ನೋಡಿ ಹಿಂದಕ್ಕೆ ಕೊಟ್ಟರು. “ಬೇಡ ಮಾರಾಯ್ರೆ. ಹೆಸ್ರು ಬರ್ದಿಟ್ರೆ, ಅದು ಪುಸ್ತಕದಲ್ಲಿದೆ ಅಂತ ಎಲ್ರೂ ಮರೀತಾರೆ. ಬಾಯಲ್ಲೇ ಇರ್ಲಿ.” ಅದಕ್ಕೇ ನಾನು ಅವರ ಹೆಸರು ಬರೆಯುತ್ತಿಲ್ಲ. ಬಾಯಲ್ಲಿ ಇದೆ.

ನಾಲ್ಕನೆಯ ವರ್ಷ ಹೊಸ ದೊರೆ ಬಂದ. ಹುರುಪಿನ ಮನುಷ್ಯ, ಕೆಟ್ಟವನಲ್ಲ. ಹಳೆಯ ಪಲ್ಪರ್ ಮನೆ ಗುಡ್ಡದ ಆಚೆ ಮಗ್ಗುಲಲ್ಲಿತ್ತು. ಪುಷ್ಯದ ಹೊತ್ತಿಗೆ ಅಲ್ಲಿ ನೀರು ಸೊರಗುತ್ತಿತ್ತು. ಕೆರೆಗೆ ನೀರು ತರುವ ಹಳ್ಳದಲ್ಲಿ ವರ್ಷವಿಡೀ ನೀರಿದೆಯಲ್ಲ, ಅದರ ದಂಡೆಗೇ ಕಟ್ಟಿ ಎಂದ. ಮಳೆಗಾಲ ಕಳೆದೊಡನೆ ಹೊಸ ತೊಟ್ಟಿಗಳು ಎದ್ದವು. ತೊಳೆದ ನೀರು ಹೊರಗೆ ಹೋಗಲು ತೊಟ್ಟಿಯ ಬಾಯಿಗೊಂದು ಹಲಗೆ. ಹಲಗೆ ಎತ್ತಿದರೆ ನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ.

ಮೊದಲ ತೊಟ್ಟಿ ಹದಕ್ಕೆ ಬಂದ ದಿನ ಬೆಳಿಗ್ಗೆ ದೊರೆ ಕುದುರೆಯ ಮೇಲೆ ಬಂದು ನಿಂತ. ಮೇಸ್ತ್ರಿ ಕೋಲು ಇಳಿಸಿದರು, ಎತ್ತಿದರು. ತೂತು ನಿಂತಿತು. ಬೀಜ ಉಜ್ಜಿದರು. ತಲೆಯಾಡಿಸಿದರು. ಆಮೇಲೆ ಕೈ ತೊಳೆದುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

“ಹಲಗೆ ಎತ್ತಿ ಮೇಸ್ತ್ರೇ” ಎಂದೆ.

“ಇಲ್ಲ. ಇದು ಕೆರೆಗೆ ಹೋಗೋ ನೀರು. ದೊರೆಗಳಿಗೆ ಹೇಳ್ಬೇಕು. ಹೇಳ್ತೀನಿ, ನೀವು ಇಂಗ್ಲಿಷಲ್ಲಿ ಹೇಳಿ. ಏಳು ಮನೆಯವ್ರು ಈ ಕಣಿವೆಗೆ ಇಳಿದಾಗ ಇಲ್ಲಿ ಕೆರೆ ಇರ್ಲಿಲ್ಲ...”

ನನಗೆ ಮೈಯೆಲ್ಲ ಉರಿಯಿತು. ದೊರೆ ನನ್ನ ಮುಖ ನೋಡುತ್ತಿದ್ದಾನೆ. ತೊಟ್ಟಿಯಲ್ಲಿ ಬೀಜ ಹುಳಿಯಾಗುತ್ತಿದೆ. ಇವರು ಎರಡನೇ ಮನೆಯ ಯಜಮಾನನ ಹತ್ತಿರ ಇದ್ದಾರೆ. ಕೆಂದ ಎತ್ತು ಇನ್ನೂ ಹುಟ್ಟಿಲ್ಲ!

“ಏನು ಹೇಳುತ್ತಿದ್ದಾನೆ?” ಎಂದು ದೊರೆ ಕೇಳಿದ.

ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇಷ್ಟೇ: “ಈ ನೀರನ್ನು ಕೆರೆಗೆ ಬಿಡುವುದು ಅವರ ಸಂಪ್ರದಾಯಕ್ಕೆ ವಿರುದ್ಧವಂತೆ.”

“ಸಂಪ್ರದಾಯವೇ? ಹಾಗಾದರೆ ಒಂದು ತೆಂಗಿನಕಾಯಿ ಒಡೆಸಿ ಕೆಲಸ ಶುರುಮಾಡಿಸು” ಎಂದು ದೊರೆ ಕುದುರೆ ತಿರುಗಿಸಿಕೊಂಡು ಹೋದ.

ಮೇಸ್ತ್ರಿ ಇನ್ನೂ ಹೇಳುತ್ತಲೇ ಇದ್ದರು. ದೊರೆ ಹೋದದ್ದು ನೋಡಿ ನಿಲ್ಲಿಸಿದರು. “ಪೂರ್ತಿ ಹೇಳಿದ್ರಾ?” ಎಂದು ಕೇಳಿದರು. ಹೇಳಿದೆ ಎಂದೆ. “ಇಷ್ಟು ಬೇಗನಾ?” ಎಂದರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ. ಇಂಗ್ಲಿಷ್ ಭಾಷೆಯೇ ಹಾಗೆ ಚುರುಕಿರಬೇಕು ಎಂಬ ಆಶ್ಚರ್ಯವಿತ್ತು. ಆದರೂ ಅವರು ಹಲಗೆ ಮುಟ್ಟಲಿಲ್ಲ. ಆಳುಗಳೂ ಮುಟ್ಟಲಿಲ್ಲ; ಎಲ್ಲರೂ ಆ ಊರಿನವರೇ.

ಹಲಗೆ ಎತ್ತಿದ್ದು ನಾನು. ನೀನೇ ಎತ್ತು ಎಂದು ದೊರೆ ಹೇಳಿರಲಿಲ್ಲ. ಹೆದರಿಕೆಯಿಂದ ಎತ್ತಿದೆ ಎಂದರೂ ಸುಳ್ಳಾಗುತ್ತದೆ. ಮೂರು ವರ್ಷದಿಂದ ಆ ಏಳು ಮನೆಗಳ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟಿನಿಂದ ಎತ್ತಿದೆ. ಕಂದು ಬಣ್ಣದ ಮಂದ ನೀರು ನೊರೆಯೆಬ್ಬಿಸಿಕೊಂಡು ಹಳ್ಳಕ್ಕೆ ಇಳಿಯಿತು. ಮೇಸ್ತ್ರಿ ಕೋಲು ತೆಗೆದುಕೊಂಡು ಊರಿನ ಕಡೆ ನಡೆದರು.

ಮುಂದಿನ ಎಂಟು ದಿನ ಅವರು ಕೆಲಸಕ್ಕೆ ಬರಲಿಲ್ಲ. ತೊಟ್ಟಿಯ ಮೇಲೆ ತೊಟ್ಟಿ ಹದಕ್ಕೆ ಬಂತು. ನಾನೇ ಅಂದಾಜಿನಲ್ಲಿ ಹಲಗೆ ಎತ್ತಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಕೆರೆಯ ಕಡೆಯಿಂದ ಬಂದ ನಾತಕ್ಕೆ ನನ್ನ ಕ್ವಾರ್ಟರ್ಸಿನ ಬಾಗಿಲು ಹಾಕಿಕೊಳ್ಳಬೇಕಾಯಿತು. ಇಳಿದು ಹೋಗಿ ನೋಡಿದೆ. ನೀರು ಕಪ್ಪಾಗಿತ್ತು. ದಡದುದ್ದಕ್ಕೂ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ಒತ್ತಾಗಿ ತೇಲುತ್ತಿದ್ದವು. ತೂಬಿನ ಕಲ್ಲಿನ ಬುಡದಲ್ಲಿ ಹಳದಿ ರೆಕ್ಕೆಯ ಸಣ್ಣ ಮೀನುಗಳಿದ್ದವು. ಊರಿನವರು ಅವನ್ನು ಎಂದೂ ಹಿಡಿಯುತ್ತಿರಲಿಲ್ಲ. ಅವೂ ತೇಲುತ್ತಿದ್ದವು. ಹೆಂಗಸರು ಖಾಲಿ ಕೊಡ ಹಿಡಿದು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ನನ್ನನ್ನು ಕಂಡೊಡನೆ ಕೊಡ ಸೊಂಟಕ್ಕೇರಿಸಿಕೊಂಡು ಗುಡ್ಡದ ಒರತೆಯ ಕಡೆ ಹತ್ತಿದರು.

ಮೇಸ್ತ್ರಿ ಅತ್ತಿಮರದ ಬುಡದಲ್ಲಿದ್ದರು. ಬೈಯುತ್ತಾರೆ ಎಂದುಕೊಂಡೇ ಹೋದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಪಕ್ಕದ ಒಣ ಎಲೆಗಳನ್ನು ಸರಿಸಿ ಜಾಗ ಮಾಡಿದರು.

“ಬನ್ನಿ ರೈಟ್ರೇ, ಕೂತ್ಕೊಳ್ಳಿ. ಮೊದ್ಲಿಂದ ಹೇಳ್ತೀನಿ.”

ಅಂದು ನಾನು ಬಾಯಿ ಹಾಕಲಿಲ್ಲ. ಏಳು ಮನೆ ಬಂದವು. ಕೆಂದ ಬಂದ, ಬೆಳ್ಳ ಮಲಗಿದ. ಚೆನ್ನಮ್ಮ ಸೆರಗಿನ ಗಂಟು ಬಿಚ್ಚಿದಳು. ಅಲ್ಲಿಂದ ಮುಂದಿನದನ್ನು ನಾನು ಕೇಳಿರಲಿಲ್ಲ. ಹಿತ್ತಿಲ ಕಾಫಿಯನ್ನು ಮೊದಲು ಹಣ್ಣಾಗಿಯೇ ಒಣಗಿಸುತ್ತಿದ್ದರಂತೆ. ಒಂದು ವರ್ಷ ಘಟ್ಟದ ಕೆಳಗಿನ ವ್ಯಾಪಾರಿಯೊಬ್ಬ ತೊಳೆದ ಬೀಜವೇ ಬೇಕೆಂದ. ಊರಿನವರು ಮರದ ದೋಣಿಯಲ್ಲಿ ಹಣ್ಣು ತುಳಿದು, ಇದೇ ಹಳ್ಳದಲ್ಲಿ ತೊಳೆದರು. ಕೆರೆ ಸತ್ತುಹೋಯಿತು. ಮೇಸ್ತ್ರಿಯ ಮುತ್ತಜ್ಜನ ಎರಡು ಎಮ್ಮೆ ಆ ನೀರು ಕುಡಿದು ಸತ್ತವು. ಎಮ್ಮೆಗಳ ಹೆಸರನ್ನೂ ಹೇಳಿದರು, ಕೇಳಿದೆ. ಮಳೆಗಾಲ ಬರುವ ಮುಂಚೆ ಏಳು ಮನೆಯವರೂ ಸೇರಿ ಹಳ್ಳದ ಮಗ್ಗುಲಿನಿಂದ ದಿಣ್ಣೆ ಬಳಸಿಕೊಂಡು ಒಂದು ಕಾಲುವೆ ತೋಡಿದರು. ಅದರ ಕೊನೆಗೆ, ಕೆರೆಗೆ ಬೆನ್ನು ಹಾಕಿದ ಇಳಿಜಾರಿನಲ್ಲಿ, ದೊಡ್ಡ ಗುಂಡಿಗಳು. ತೊಳೆದ ನೀರು ಅಲ್ಲಿಗೆ ಹೋಗಿ ಇಂಗಬೇಕು. ಆಮೇಲೆ ದೊರೆಗಳು ಬಂದು ಗುಡ್ಡದಾಚೆ ಪಲ್ಪರ್ ಇಟ್ಟರು, ಕಾಲುವೆಯ ಮೇಲೆ ಲಂಟಾನ ಬೆಳೆಯಿತು.

“ಈಗ್ಲೂ ಇದೆ. ಹೊಸ ತೊಟ್ಟಿಯಿಂದ ಹತ್ತು ಮಾರು. ಲಂಟಾನ ಕಡಿದ್ರೆ ಸಾಕು” ಎಂದರು ಮೇಸ್ತ್ರಿ. “ಇಷ್ಟೇ ಉಳಿದಿದ್ದು.”

ಹತ್ತು ಮಾರು! ಮೂರು ವರ್ಷ ಅದು ಒಂದು ತಂಬಿಗೆ ನೀರಿನ ಆಚೆ ಇತ್ತು. ಆ ದಿನವೂ ದೊರೆಯ ಎದುರು, ನಾನು ಬಿಟ್ಟಿದ್ದರೆ, ಮಧ್ಯಾಹ್ನದೊಳಗೆ ಅಲ್ಲಿಗೆ ಬಂದು ಮುಟ್ಟುತ್ತಿತ್ತು. ಇದನ್ನೇ ಮೊದಲು ಹೇಳಬಾರದಿತ್ತೇ ಎಂದು ಅವರ ಮೇಲೂ ರೇಗಿತು. ಕತ್ತು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ಕಾಲಿಗೆ ಬೀಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಮರುದಿನ ದೊರೆಯನ್ನು ಹೊಸ ತೊಟ್ಟಿಯ ಹತ್ತಿರ ಕರೆತಂದು ಬುಟ್ಟಿ ಬೋರಲು ಹಾಕಿ ಕೂರಿಸಿದೆ. ಮೇಸ್ತ್ರಿ ಶುರುಮಾಡಿದರು. ನಾನು ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಬೆಳ್ಳ ಮಲಗಿದ್ದನ್ನೂ ಹೇಳಿದೆ. ದೊರೆ ಎರಡು ಸಲ ಎದ್ದು ನಿಂತ; ಎರಡು ಸಲವೂ ಕತೆ ಮೊದಲಿಗೆ ಹೋಯಿತು. ನಾನು ಎರಡು ಸಲವೂ ಮೊದಲಿನಿಂದ ಹೇಳಿದೆ. ಬಿಸಿಲು ನೆತ್ತಿಗೆ ಬರುವಾಗ ಕಾಲುವೆ ಬಂತು. ದೊರೆ ನೆಟ್ಟಗೆ ಕೂತ. ಲಂಟಾನದ ಒಳಗೆ ತಾನೇ ನುಗ್ಗಿ, ಅಂಗಿ ಹರಿದುಕೊಂಡು, ಕಾಲುವೆಯ ಕಲ್ಲು ಕಂಡು ಹೊರಗೆ ಬಂದ.

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳು” ಎಂದ.

ಕೇಳಿದೆ. ಮೇಸ್ತ್ರಿ ನನ್ನ ಮುಖ ನೋಡಿದರು. ಅವರಿಗೆ ಆಗ ಎಲ್ಲ ಅರ್ಥವಾಗಿತ್ತು. ಒಂದೇ ಇಂಗ್ಲಿಷು ಒಂದು ದಿನ ಅಷ್ಟು ಚಿಕ್ಕದಾಗಿ, ಇನ್ನೊಂದು ದಿನ ಇಷ್ಟು ಉದ್ದವಾಗಿ ಇರುವುದಿಲ್ಲವಲ್ಲ.

“ನಾನು ಹೇಳೋದು ಉದ್ದ ಆಯ್ತು, ತಪ್ಪಾಯ್ತು ಅಂತ ಹೇಳಿ ದೊರೆಗಳಿಗೆ” ಎಂದರು.

ಅಕ್ಷರ ಬಿಡದೆ ಹೇಳುತ್ತೇನೆಂದು ಹಟ ಹಿಡಿದಿದ್ದ ನಾನು ಆ ಮಾತನ್ನೂ ಹಾಗೆಯೇ ಹೇಳಿದೆ. ಬೇರೆ ಏನನ್ನೂ ಸೇರಿಸಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಊರಿಗೆ ಊರೇ ಸೇರಿ ಕಾಲುವೆ ಬಿಡಿಸಿತು. ಎರಡು ಮಳೆಗಾಲ ಕಳೆದ ಮೇಲೆ ಕೆರೆ ತಿಳಿಯಾಯಿತು. ದೊಡ್ಡ ಮೀನುಗಳು ಎಲ್ಲಿಂದಲೋ ಮತ್ತೆ ಬಂದವು. ತೂಬಿನ ಬುಡದ ಹಳದಿ ರೆಕ್ಕೆಯ ಮೀನು ಬರಲಿಲ್ಲ.

ಆ ಎಸ್ಟೇಟು ಬಿಡುವ ವರ್ಷ, ಒಂದು ಸಾಯಂಕಾಲ ಏರಿಯ ಮೇಲೆ ಬರುತ್ತಿದ್ದೆ. ಅತ್ತಿಮರದ ಬುಡದಲ್ಲಿ ಮೇಸ್ತ್ರಿ, ಎದುರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ನಡುವೆ ತಂಬಿಗೆ. ಕತೆ ಕಾಲುವೆಯನ್ನು ದಾಟಿ ಮುಂದೆ ಬಂದಿತ್ತು. ಅದಕ್ಕೆ ಹೊಸ ತುದಿ ಸೇರಿತ್ತು: ಹೊಸ ತೊಟ್ಟಿ, ಹಲಗೆ, ಒಂಬತ್ತನೆಯ ದಿನ, ಮೀನು. ನಾನು ಹಿಂದೆಯೇ ನಿಂತೆ.

“ಹಲ್ಗೆ ಎತ್ತಿದ್ದು ಯಾರಜ್ಜ?” ಎಂದು ಹುಡುಗಿ ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ. ಅಲ್ಲಿಯವರೆಗೆ ಅವರ ಕತೆಯಲ್ಲಿ ಹೆಸರಿಲ್ಲದ ಜೀವವೇ ಇರಲಿಲ್ಲ. ನಡುವೆ ಬಾಯಿ ಹಾಕಿದ್ದಕ್ಕೆ ಮೇಸ್ತ್ರಿ ಹಿಂದಕ್ಕೂ ಹೋಗಲಿಲ್ಲ. ಕೋಲಿನಿಂದ ನೆಲ ಕೆದಕಿದರು. ನನ್ನ ನೆರಳು ಅವರ ಕಾಲ ಹತ್ತಿರವೇ ಬಿದ್ದಿತ್ತು.

“ಅದೊಂದು ಹೆಸ್ರು ಮರ್ತೋಗಿದೆ ತಾಯಿ” ಎಂದರು. “ನೀರು ಕುಡಿ.”

ಮರೆತುಹೋಗಿದೆಯಂತೆ! ದಾರಿಯಲ್ಲಿ ಮಲಗಿದ ಎತ್ತಿನ ಹೆಸರು ಗೊತ್ತಿದ್ದವರಿಗೆ, ದಿನಾ ಹಾಜರಿ ಕರೆಯುತ್ತಿದ್ದವನ ಹೆಸರು ಮರೆತುಹೋಗಿದೆಯಂತೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ.

ಸಂತೆಯಲ್ಲಿ ಗಾಡಿಯವನು ಹೊರಡುವಾಗ ಕೇಳಿದ್ದು ಇದು: “ಈ ಯುಗಾದಿ ಕಳೆದ್ರೆ ನಮ್ಮನೆಗೆ ಸೊಸೆ ಬರ್ತಾಳೆ. ಕತೆ ಹೇಳೋರು ಯಾರೂ ಇಲ್ಲ ರೈಟ್ರೇ. ನಾವೆಲ್ಲ ಒಂದೊಂದ್ಸಲ ಕೇಳಿದ್ದಷ್ಟೆ; ಕೆಂದ ಮೊದ್ಲೋ, ಏರಿ ಒಡೆದಿದ್ದು ಮೊದ್ಲೋ ಅಂತ ಜಗಳ. ಎರಡು ಮೂರು ಸಲ ಪೂರ್ತಿ ಕೇಳಿ, ಇಂಗ್ಲಿಷಲ್ಲೂ ಹೇಳಿದವ್ರು ನೀವೊಬ್ರೆ. ಬರ್ತೀರಾ?”

ಬರುತ್ತೇನೆ ಎಂದಿದ್ದೇನೆ. ಏಳು ಮನೆಗಳಿಂದ ಶುರುಮಾಡಬೇಕು. ಅರ್ಧ ದಿನ ಹಿಡಿಯುತ್ತದೆ. ಹುಡುಗಿಗೆ ಬಾಯಾರಿ ಸಿಟ್ಟು ಬರುತ್ತದೆ, ನನಗೆ ಗೊತ್ತು. ಕೊನೆಗೆ ಹಲಗೆ ಎತ್ತಿದ್ದು ಯಾರೆಂದು ಅವಳು ಕೇಳದಿದ್ದರೂ, ಆ ಹೆಸರನ್ನು ನಾನು ಹೇಳಬೇಕು. ಅದು ನನಗೆ ಮರೆತಿಲ್ಲ.